ಕೊಳೆ ತಿನ್ನುವ ಬ್ಯಾಕ್ಟೀರಿಯಾ: ಜೀನ್ ಸೇರಿಸುವುದು ಸುಲಭ, ತೊಟ್ಟಿಯಲ್ಲಿ ಬಾಳಿಸುವುದು ಕಷ್ಟ

ಕೊಳಚೆ ನೀರಿನ ಶುದ್ಧೀಕರಣ ಘಟಕದ ಗಾಳಿ ತೊಟ್ಟಿಯಿಂದ ಒಂದು ಗಾಜಿನ ಜಾಡಿಯಷ್ಟು ನೀರು ತೆಗೆದು ಮೇಜಿನ ಮೇಲಿಡಿ. ಮೊದಲು ಅದು ಕಂದು ಬಣ್ಣದ ಕದಡಿದ ನೀರು, ಅಷ್ಟೇ. ಐದು ನಿಮಿಷ ಕಳೆಯುವಷ್ಟರಲ್ಲಿ ಹತ್ತಿಯ ಎಳೆಗಳಂಥ ಸಣ್ಣ ಸಣ್ಣ ಮುದ್ದೆಗಳು ಕಾಣತೊಡಗುತ್ತವೆ. ಅರ್ಧ ಗಂಟೆಯಲ್ಲಿ ಮುದ್ದೆಗಳೆಲ್ಲ ತಳಕ್ಕೆ ಕೂತು, ಮೇಲೆ ತಿಳಿನೀರು ನಿಲ್ಲುತ್ತದೆ. ಘಟಕ ನಡೆಸುವವರು ಮತ್ತೆ ಮತ್ತೆ ಮಾಡುವ ಪರೀಕ್ಷೆ ಇದು. ಕೆಸರು ಚೆನ್ನಾಗಿ ಕೂತರೆ ತೊಟ್ಟಿ ಆರೋಗ್ಯವಾಗಿದೆ ಎಂದು ಅರ್ಥ. ಮೂಸಿ ನೋಡಿದರೆ ಗಬ್ಬು ವಾಸನೆ ಇರುವುದಿಲ್ಲ, ಒದ್ದೆ ಮಣ್ಣಿನ ವಾಸನೆ ಇರುತ್ತದೆ.

ಆ ಮುದ್ದೆಗಳೇ ಬ್ಯಾಕ್ಟೀರಿಯಾ. ಒಂದೊಂದು ಮುದ್ದೆಯಲ್ಲೂ ನೂರಾರು ಜಾತಿಯವು ಅಂಟಿಕೊಂಡು ಬಾಳುತ್ತವೆ. ಅಂದರೆ ಕೊಳಚೆ ನೀರನ್ನು ಬ್ಯಾಕ್ಟೀರಿಯಾ ಕೈಲಿ ತೊಳೆಸುವುದು ಹೊಸ ವಿಚಾರವೇ ಅಲ್ಲ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ಇದನ್ನು ತೋರಿಸಿಕೊಟ್ಟರು. ಕೊಳಚೆಗೆ ಗಾಳಿ ಊದಿದರೆ ಅದು ತಿಳಿಯಾಗುತ್ತದೆ ಎಂಬುದು ಆಗಲೇ ಗೊತ್ತಿತ್ತು, ಆದರೆ ವಾರಗಟ್ಟಲೆ ಕಾಯಬೇಕಿತ್ತು. ಇವರು ಮಾಡಿದ್ದು ಒಂದೇ ಕೆಲಸ. ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಹಾಗೇ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದಿದರು, ಮತ್ತೆ ಉಳಿಸಿದರು, ಮತ್ತೆ ಸುರಿದರು. ವಾರಗಳ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಇವತ್ತಿಗೂ ಊರಿನ ಕೊಳಚೆ ತೊಳೆಯುವ ಘಟಕಗಳು ಬಹುಪಾಲು ನಡೆಯುವುದು ಇದೇ ಉಪಾಯದ ಮೇಲೆ. ಹೆಪ್ಪು ಉಳಿಸಿಕೊಂಡು ಹೊಸ ಹಾಲಿಗೆ ಹಾಕಿದ ಹಾಗೆ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಬ್ಯಾಕ್ಟೀರಿಯಾದ ಜೀನ್ ತಿದ್ದುವ ಅಗತ್ಯವಾದರೂ ಏನು? ಈ ಮಂದಿಗೆ ಎಲ್ಲವೂ ರುಚಿಸುವುದಿಲ್ಲ, ಅದೇ ಕಾರಣ. ಸಕ್ಕರೆ, ಪಿಷ್ಟ, ಪ್ರೋಟೀನ್, ಕೊಬ್ಬು ಇವೆಲ್ಲ ಸಲೀಸು. ಕೋಟ್ಯಂತರ ವರ್ಷಗಳಿಂದ ಅವು ತಿಂದುಕೊಂಡು ಬಂದಿರುವ ಊಟ ಅದು. ಆದರೆ ಬಣ್ಣದ ಕಾರ್ಖಾನೆ, ಔಷಧ ಕಾರ್ಖಾನೆ, ಎಣ್ಣೆ ಸಂಸ್ಕರಣಾಗಾರ, ಕೀಟನಾಶಕದ ಘಟಕ ಇವುಗಳಿಂದ ಹೊರಬರುವ ನೀರಿನಲ್ಲಿರುವ ಎಷ್ಟೋ ವಸ್ತುಗಳು ಭೂಮಿ ಮೇಲೆ ಕಾಣಿಸಿಕೊಂಡೇ ನೂರು ವರ್ಷ ದಾಟಿಲ್ಲ. ಅವನ್ನು ಒಡೆಯುವ ಕಿಣ್ವ ಹೆಚ್ಚಿನ ಬ್ಯಾಕ್ಟೀರಿಯಾಗಳ ಹತ್ತಿರ ಇಲ್ಲ. ನೀರು ತಿಳಿಯಾಗಿ ಹೊರಗೆ ಹೋಗುತ್ತದೆ, ವಿಷವೂ ಜೊತೆಗೇ ಹೋಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಫೀನಾಲ್, ಟೊಲ್ಯೂಯಿನ್ ಥರದ ಇಂಗಾಲದ ವಸ್ತುಗಳನ್ನು ಒಡೆದು ಪೂರ್ತಿ ಇಲ್ಲವಾಗಿಸಬಹುದು, ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಪಾದರಸ, ಕ್ಯಾಡ್ಮಿಯಂ, ಸೀಸ ಹಾಗಲ್ಲ. ಅವು ಮೂಲಧಾತುಗಳು. ಯಾವ ಬ್ಯಾಕ್ಟೀರಿಯಾ ಏನೇ ಮಾಡಿದರೂ ಪಾದರಸ ಪಾದರಸವಾಗಿಯೇ ಇರುತ್ತದೆ. ಅದರ ರೂಪ ಬದಲಿಸಬಹುದು, ಇಲ್ಲವೇ ಒಂದು ಕಡೆ ಹಿಡಿದಿಟ್ಟುಕೊಳ್ಳಬಹುದು. "ಲೋಹ ತಿನ್ನುವ ಬ್ಯಾಕ್ಟೀರಿಯಾ" ಎಂದು ಎಲ್ಲಾದರೂ ಓದಿದರೆ ಆ "ತಿನ್ನುವ" ಪದವನ್ನು ಅಷ್ಟಾಗಿ ನಂಬಬೇಡಿ.

ಮೊದಲು ಒಡೆಯುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಬೆಂಜೀನ್ ಉಂಗುರ ಎಂದು ಶಾಲೆಯಲ್ಲಿ ಓದಿರುತ್ತೀರಿ, ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಉಂಗುರ. ನ್ಯಾಫ್ತಲೀನ್ ಗುಳಿಗೆಯಲ್ಲಿ ಇಂಥ ಎರಡು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಈ ಉಂಗುರ ಬಹಳ ಗಟ್ಟಿ, ಸುಮ್ನೆ ಎಳೆದರೆ ಬಿಚ್ಚಿಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾ ಮಾಡುವುದೇನೆಂದರೆ, ಮೊದಲು ಒಂದು ಕಿಣ್ವ ಗಾಳಿಯಿಂದ ಬಂದ ಆಮ್ಲಜನಕದ ಎರಡು ಪರಮಾಣುಗಳನ್ನು ಉಂಗುರದ ಅಕ್ಕಪಕ್ಕದ ಎರಡು ಮೂಲೆಗೆ ಅಂಟಿಸುತ್ತದೆ. ಇನ್ನೊಂದೆರಡು ಹೆಜ್ಜೆ ದಾಟಿದ ಮೇಲೆ ಅದು ಕ್ಯಾಟೆಕಾಲ್ ಎಂಬ ವಸ್ತುವಾಗುತ್ತದೆ. ಈಗ ಉಂಗುರಕ್ಕೆ ಒಂದು ಸಡಿಲ ಜಾಗ ಸಿಕ್ಕಿತು. ಮತ್ತೊಂದು ಕಿಣ್ವ ಬಂದು ಅಲ್ಲೇ ಕತ್ತರಿ ಹಾಕುತ್ತದೆ. ಉಂಗುರ ಬಿಚ್ಚಿ ಉದ್ದನೆಯ ಸರಪಳಿಯಾಗುತ್ತದೆ. ಆಮೇಲೆ ಅದು ಬರೀ ಊಟ, ಸಕ್ಕರೆ ಕರಗುವ ದಾರಿಯಲ್ಲೇ ಅದೂ ಕರಗುತ್ತದೆ.

ಪ್ರತಿ ಹೆಜ್ಜೆಗೂ ಒಂದು ಕಿಣ್ವ, ಪ್ರತಿ ಕಿಣ್ವಕ್ಕೂ ಒಂದೋ ಎರಡೋ ಜೀನ್. ಅದಕ್ಕೇ ಒಂದು ಜೀನ್ ತಂದು ಹಾಕಿದರೆ ಸಾಲುವುದಿಲ್ಲ, ಇಡೀ ಸಾಲನ್ನೇ ತರಬೇಕು. ಅದೂ ಹದವಾಗಿ. ಮೊದಲ ಕಿಣ್ವ ಜೋರಾಗಿ ಓಡಿ, ಮುಂದಿನದು ನಿಧಾನವಾದರೆ ಕ್ಯಾಟೆಕಾಲ್ ಮಧ್ಯದಲ್ಲೇ ಗುಡ್ಡೆ ಬೀಳುತ್ತದೆ, ಅದು ಸ್ವತಃ ವಿಷ, ಕೆಲಸ ಮಾಡುತ್ತಿರುವ ಕೋಶವನ್ನೇ ಕೊಲ್ಲುತ್ತದೆ. ಎಷ್ಟೋ ಪ್ರಯೋಗಗಳು ಮುಗ್ಗರಿಸುವುದು ಇಲ್ಲೇ. ಜೀನ್ ಇಲ್ಲ ಅಂತಲ್ಲ, ಜೀನ್‌ಗಳ ನಡುವೆ ತಾಳ ತಪ್ಪಿರುತ್ತದೆ.

ಈ ಸಾಲುಗಳನ್ನು ಒಂದೇ ಬ್ಯಾಕ್ಟೀರಿಯಾದಲ್ಲಿ ಕೂಡಿಸುವ ಆಲೋಚನೆಗೆ ದೊಡ್ಡ ಹೆಸರು ತಂದವರು ಬಂಗಾಳದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ, ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆನಂದ ಮೋಹನ ಚಕ್ರವರ್ತಿ. ಕಚ್ಚಾ ತೈಲ ಒಂದೇ ವಸ್ತುವಲ್ಲ, ಬಗೆಬಗೆಯ ಹೈಡ್ರೋಕಾರ್ಬನ್‌ಗಳ ಕಲಸು. ಸ್ಯೂಡೋಮೊನಾಸ್ ಜಾತಿಯ ಬೇರೆ ಬೇರೆ ಬ್ಯಾಕ್ಟೀರಿಯಾಗಳು ಅದರ ಬೇರೆ ಬೇರೆ ಭಾಗ ತಿನ್ನುತ್ತವೆ, ಆ ಶಕ್ತಿ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗಳಲ್ಲಿ. ಚಕ್ರವರ್ತಿಯವರು ಅಂಥ ಹಲವು ಬಳೆಗಳನ್ನು ಒಂದೇ ಬ್ಯಾಕ್ಟೀರಿಯಾಕ್ಕೆ ತೊಡಿಸಿದರು. 1972ರಲ್ಲಿ ಪೇಟೆಂಟ್‌ಗೆ ಅರ್ಜಿ ಹೋಯಿತು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ವಾದ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 1980ರಲ್ಲಿ 5–4ರ ಬಹುಮತದಿಂದ ಅವರ ಪರ ತೀರ್ಪು ಬಂತು. ಜೈವಿಕ ತಂತ್ರಜ್ಞಾನದ ಇಡೀ ಉದ್ಯಮವೇ ಆ ತೀರ್ಪಿನ ಮೇಲೆ ಬೆಳೆಯಿತು. ಆದರೆ ಆ ಬ್ಯಾಕ್ಟೀರಿಯಾ ಮಾತ್ರ ಸಮುದ್ರದ ತೈಲ ಸೋರಿಕೆ ತೊಳೆಯಲು ಎಂದೂ ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಎಂಬುದರಲ್ಲೇ ಈ ವಿಷಯದ ಹೂರಣ ಇದೆ. ಅಲ್ಲಿಗೆ ಬರುತ್ತೇನೆ, ಅದಕ್ಕೆ ಮೊದಲು ಈಚಿನ ಒಂದು ಕೆಲಸ ನೋಡಿಬಿಡೋಣ.

ಕಾರ್ಖಾನೆಯ ತ್ಯಾಜ್ಯ ನೀರಿನಲ್ಲಿ ವಿಷದ ಜೊತೆಗೆ ಉಪ್ಪೂ ಬಹಳ ಇರುತ್ತದೆ. ಉಪ್ಪು ಜಾಸ್ತಿಯಾದರೆ ಮಾಮೂಲಿ ಬ್ಯಾಕ್ಟೀರಿಯಾದ ಒಳಗಿನ ನೀರು ಹೊರಕ್ಕೆ ಸೋರಿ ಅದು ಮುದುಡಿಕೊಳ್ಳುತ್ತದೆ, ಎಂಥ ಒಳ್ಳೆ ಜೀನ್ ಇದ್ದರೂ ಉಪಯೋಗವಿಲ್ಲ. ಚೀನಾದ ವಿಜ್ಞಾನಿಗಳು ಹೀಗಾಗಿ ಬೇರೆ ತುದಿಯಿಂದ ಶುರು ಮಾಡಿದರು. ಮೊದಲು ಉಪ್ಪಿನಲ್ಲಿ ಹಾಯಾಗಿ ಇರುವ ಬ್ಯಾಕ್ಟೀರಿಯಾ ಆರಿಸಿಕೊಂಡರು. ಅದರ ಹೆಸರು ವಿಬ್ರಿಯೊ ನ್ಯಾಟ್ರಿಯೆಜೆನ್ಸ್. ಒಳ್ಳೆಯ ಊಟ ಸಿಕ್ಕರೆ ಹತ್ತು ನಿಮಿಷದೊಳಗೆ ಒಂದು ಎರಡಾಗುವ ಜೀವಿ. ಅದಕ್ಕೆ ಬೈಫೀನೈಲ್, ಫೀನಾಲ್, ನ್ಯಾಫ್ತಲೀನ್, ಡೈಬೆಂಜೊಫ್ಯೂರಾನ್, ಟೊಲ್ಯೂಯಿನ್ ಈ ಐದನ್ನೂ ಒಡೆಯುವ ಜೀನ್ ಸಾಲುಗಳನ್ನು ಒಂದಾದ ಮೇಲೊಂದು ಸೇರಿಸಿದರು. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಉಪ್ಪು ತುಂಬಿದ ಕಾರ್ಖಾನೆ ನೀರಿನಲ್ಲಿ 48 ಗಂಟೆಯಲ್ಲಿ ಐದೂ ವಸ್ತುಗಳು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾದವು, ಬೈಫೀನೈಲ್ ಅಂತೂ ಪೂರ್ತಿ ಹೋಯಿತು. ನನಗೆ ಮುಖ್ಯ ಅನ್ನಿಸಿದ್ದು ಆ ಅಂಕಿಗಳಿಗಿಂತ ಅವರು ಜೀನ್ ಇಟ್ಟ ಜಾಗ. ಪ್ಲಾಸ್ಮಿಡ್ ಬಳೆಯಲ್ಲಿ ತೊಡಿಸದೆ ಬ್ಯಾಕ್ಟೀರಿಯಾದ ಸ್ವಂತ ಕ್ರೋಮೋಸೋಮ್‌ನಲ್ಲೇ ಹೊಲಿದುಬಿಟ್ಟರು. ಬಳೆಯನ್ನು ಕಳಚಿ ಹಾಕಬಹುದು, ಹೊಲಿದದ್ದನ್ನು ಅಷ್ಟು ಸುಲಭಕ್ಕೆ ಕಳಚಲಾಗದು.

ಲೋಹದ ಕಥೆ ಬೇರೆ, ಮತ್ತು ನನ್ನ ಮಟ್ಟಿಗೆ ಇದು ಜೀವಲೋಕದ ಅತಿ ಸೊಗಸಾದ ಏರ್ಪಾಡುಗಳಲ್ಲಿ ಒಂದು. ಪಾದರಸ ಇರುವ ಜಾಗದಲ್ಲಿ ಬಾಳುವ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಮೆರ್ ಎಂಬ ಜೀನ್ ಗುಂಪು ಇರುತ್ತದೆ. ಅದರಲ್ಲಿ ಮೆರ್-ಆರ್ ಎಂಬ ಪ್ರೋಟೀನ್ ಕಾವಲುಗಾರನಂತೆ ಡಿಎನ್‌ಎ ಮೇಲೆ ಕೂತಿರುತ್ತದೆ. ಪಾದರಸ ಇಲ್ಲದಿದ್ದಾಗ ಬಾಗಿಲು ಮುಚ್ಚಿರುತ್ತದೆ. ಪಾದರಸದ ಅಯಾನು ಬಂದು ಅದಕ್ಕೆ ಅಂಟಿದ ಕೂಡಲೇ ಅದು ತಿರುಚಿಕೊಳ್ಳುತ್ತದೆ, ತನ್ನ ಜೊತೆಗೆ ಡಿಎನ್‌ಎಯನ್ನೂ ತಿರುಚುತ್ತದೆ, ಮುಚ್ಚಿದ್ದ ಜೀನ್‌ಗಳು ಓದಿಗೆ ತೆರೆದುಕೊಳ್ಳುತ್ತವೆ. ಆಮೇಲೆ ನಡೆಯುವುದು ಇನ್ನೂ ಸ್ವಾರಸ್ಯ. ಬ್ಯಾಕ್ಟೀರಿಯಾ ವಿಷವನ್ನು ಹೊರಗೆ ದಬ್ಬುವುದಿಲ್ಲ, ಬೇಕೆಂದೇ ಒಳಕ್ಕೆ ಕರೆದುಕೊಳ್ಳುತ್ತದೆ! ಅದಕ್ಕೆಂದೇ ಸಾಗಣೆಯ ಪ್ರೋಟೀನ್‌ಗಳಿವೆ. ಒಳಗೆ ಮೆರ್-ಎ ಎಂಬ ಕಿಣ್ವ ಕಾದಿರುತ್ತದೆ. ಅದು ಪಾದರಸಕ್ಕೆ ಎರಡು ಎಲೆಕ್ಟ್ರಾನ್ ಕೊಟ್ಟು ಅದನ್ನು ಥರ್ಮಾಮೀಟರಿನಲ್ಲಿರುವಂಥ ಶುದ್ಧ ಲೋಹವಾಗಿ ಬದಲಿಸುತ್ತದೆ. ಆ ರೂಪಕ್ಕೆ ನೀರಿನಲ್ಲಿ ನಿಲ್ಲುವ ಇಷ್ಟವಿಲ್ಲ, ಆವಿಯಾಗಿ ಕೋಶದಿಂದ ಹೊರಟುಹೋಗುತ್ತದೆ.

ಹೊರಟು ಎಲ್ಲಿಗೆ ಹೋಗುತ್ತದೆ? ಗಾಳಿಗೆ. ತೆರೆದ ತೊಟ್ಟಿಯಲ್ಲಿ ಇದನ್ನು ಮಾಡಿದರೆ ನೀರಿನ ವಿಷವನ್ನು ಗಾಳಿಗೆ ಬಿಟ್ಟ ಹಾಗಾಯಿತು, ಅಲ್ವಾ? ಹಾಗಾಗಿ ಮುಚ್ಚಿದ ಪಾತ್ರೆ ಬೇಕು. ಜರ್ಮನಿಯಲ್ಲಿ 2000ದ ಸುಮಾರಿಗೆ ಕ್ಲೋರಿನ್ ತಯಾರಿಸುವ ಕಾರ್ಖಾನೆಯ ನೀರಿನ ಮೇಲೆ ಇದನ್ನು ದೊಡ್ಡ ಪ್ರಮಾಣದಲ್ಲೇ ಮಾಡಿ ತೋರಿಸಿದರು. ಮುಚ್ಚಿದ ಪಾತ್ರೆಯ ತುಂಬ ಪುಟ್ಟ ಕಲ್ಲುಗಳಂಥ ವಸ್ತು ತುಂಬಿ, ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ, ಪಾದರಸ ಅಲ್ಲೇ ಹನಿಹನಿಯಾಗಿ ಸಿಕ್ಕಿಬೀಳುವಂತೆ ಮಾಡಿದರು. ಅಲ್ಲಿ ಬಳಸಿದ್ದು ನಿಸರ್ಗದಲ್ಲೇ ಸಿಕ್ಕ ಬ್ಯಾಕ್ಟೀರಿಯಾ, ತಿದ್ದಿದ್ದಲ್ಲ. ತಿದ್ದುವ ಅಗತ್ಯ ಬೀಳುವುದು ಇನ್ನೂ ಕಠಿಣವಾದ ಜಾಗದಲ್ಲಿ. ಅಣ್ವಸ್ತ್ರ ತಯಾರಿಕೆಯ ಕಸದಲ್ಲಿ ಪಾದರಸದ ಜೊತೆಗೆ ವಿಕಿರಣವೂ ಇರುತ್ತದೆ, ಮೆರ್ ಇರುವ ಮಾಮೂಲಿ ಬ್ಯಾಕ್ಟೀರಿಯಾ ಅಲ್ಲಿ ಸಾಯುತ್ತದೆ. ಹಾಗಾಗಿ 2000ದಲ್ಲಿ ಅಮೆರಿಕದ ಸಂಶೋಧಕರು ವಿಕಿರಣಕ್ಕೆ ಜಗ್ಗದ ಡೈನೊಕಾಕಸ್ ರೇಡಿಯೋಡ್ಯುರಾನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಮೆರ್ ಜೀನ್‌ಗಳನ್ನು ಸೇರಿಸಿದರು. ವಿಬ್ರಿಯೊ ಕೆಲಸದಲ್ಲಿ ಕಂಡ ಉಪಾಯವೇ ಇದು. ಗಟ್ಟಿ ದೇಹ ಒಂದರಿಂದ, ಕೆಲಸದ ಜೀನ್ ಇನ್ನೊಂದರಿಂದ.

ಈಗ ಆ ಹೂರಣದ ಮಾತಿಗೆ ಬರೋಣ. ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿದ ಬ್ಯಾಕ್ಟೀರಿಯಾವನ್ನು ನಿಜವಾದ ಗಾಳಿ ತೊಟ್ಟಿಗೆ ಸುರಿದರೆ ಏನಾಗುತ್ತದೆ?

ಮೊದಲ ದಿನವೇ ಅದನ್ನು ತಿನ್ನುವವರು ಬರುತ್ತಾರೆ. ಆ ಜಾಡಿಯ ಕೆಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟೆಯ ಆಕಾರದ, ಕಾಂಡದ ಮೇಲೆ ನಿಂತ ಏಕಕೋಶ ಜೀವಿಗಳು ಕಾಣುತ್ತವೆ. ಬಾಯಿಯ ಸುತ್ತಲಿನ ಕೂದಲು ಆಡಿಸಿ ನೀರಿನಲ್ಲಿ ಸುಳಿ ಎಬ್ಬಿಸಿ, ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾಗಳನ್ನು ಅವು ಒಳಕ್ಕೆ ಎಳೆದುಕೊಳ್ಳುತ್ತವೆ. ಮುದ್ದೆಯೊಳಗೆ ಸೇರಿಕೊಂಡವು ಬಚಾವ್. ಪ್ರಯೋಗಾಲಯದ ಸೀಸೆಯಲ್ಲಿ ಬೆಳೆದದ್ದಕ್ಕೆ ಮುದ್ದೆ ಕಟ್ಟುವ ಅಭ್ಯಾಸವೇ ಇರುವುದಿಲ್ಲ, ಅದು ಒಂಟಿಯಾಗಿ ಈಜುತ್ತಿರುತ್ತದೆ. ಬಾಯಿಗೆ ಸಿಗದೆ ಉಳಿದದ್ದು ನೀರಿನ ಜೊತೆ ಕೊಚ್ಚಿಹೋಗುತ್ತದೆ, ಯಾಕೆಂದರೆ ತೊಟ್ಟಿಯಲ್ಲಿ ನೀರು ನಿಲ್ಲುವುದು ಕೆಲವೇ ಗಂಟೆ, ಕೂತು ಮರಳಿ ಬರುವ ಕೆಸರು ಮಾತ್ರ ದಿನಗಟ್ಟಲೆ ಉಳಿಯುತ್ತದೆ.

ಅದನ್ನೂ ದಾಟಿತು ಎಂದುಕೊಳ್ಳಿ. ಈಗ ಊಟದ ಪೈಪೋಟಿ. ಹೊಸ ಜೀನ್‌ಗಳನ್ನು ಓದಿ ಕಿಣ್ವ ಮಾಡಲು ಶಕ್ತಿ ಬೇಕು, ಅದು ಬೆನ್ನ ಮೇಲಿನ ಹೊರೆ. ಅದೇ ಜಾತಿಯಲ್ಲಿ ಹೊರೆ ಕೆಳಗಿಟ್ಟ ಒಂದು ಹುಟ್ಟಿಕೊಂಡರೆ ಸಾಕು, ಪ್ಲಾಸ್ಮಿಡ್ ಕಳಚಿದ್ದೋ ಜೀನ್ ಕೆಟ್ಟದ್ದೋ, ಅದು ಬೇಗ ಬೇಗ ಬೆಳೆದು ಉಳಿದವನ್ನು ಹಿಂದೆ ಹಾಕುತ್ತದೆ. ಕೆಲವು ವಾರದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಕೆಲಸ ಇರುವುದಿಲ್ಲ. ಹಾಗಿದ್ದರೆ ಆ ವಿಷವೇ ಅದಕ್ಕೆ ಊಟವಾದರೆ? ಅದಕ್ಕೂ ಒಂದು ಮಿತಿ ಇದೆ. ಔಷಧಗಳು, ಹಾರ್ಮೋನುಗಳು ಕೊಳಚೆ ನೀರಿನಲ್ಲಿ ಇರುವುದು ಲೀಟರಿಗೆ ನ್ಯಾನೋಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ. ಮೀನಿಗೂ ಕಪ್ಪೆಗೂ ತೊಂದರೆ ಕೊಡಲು ಅಷ್ಟು ಸಾಕಾಗಬಹುದು, ಬ್ಯಾಕ್ಟೀರಿಯಾದ ಹೊಟ್ಟೆ ತುಂಬಲು ಸಾಕಾಗುವುದಿಲ್ಲ. ಅದು ಅಲ್ಲೇ ಇರುವ ಸಲೀಸಾದ ಊಟ ತಿಂದು ಸುಮ್ಮನಾಗುತ್ತದೆ.

ಇದಕ್ಕೆ ಜನ ಹಲವು ದಾರಿ ಹುಡುಕಿದ್ದಾರೆ. ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟಿನ ಗುಳಿಗೆಯೊಳಗೆ ಬ್ಯಾಕ್ಟೀರಿಯಾವನ್ನು ಕೂರಿಸುವುದು ಒಂದು, ನೀರು ಒಳಗೆ ಬರುತ್ತದೆ, ತಿನ್ನುವವರು ಬರಲಾರರು. ಇನ್ನೊಂದು ದಾರಿಯಲ್ಲಿ ಬ್ಯಾಕ್ಟೀರಿಯಾ ಬದುಕಬೇಕು ಎಂಬ ಆಸೆಯನ್ನೇ ಬಿಟ್ಟು, ಅದರ ಪ್ಲಾಸ್ಮಿಡ್ ಅನ್ನು ತೊಟ್ಟಿಯ ಹಳೆಯ ನಿವಾಸಿಗಳಿಗೆ ದಾಟಿಸುತ್ತಾರೆ. ಬಂದವನು ಸತ್ತರೂ ವಿದ್ಯೆ ಊರಿನವರ ಹತ್ತಿರ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೂರನೆಯದು, ಸತ್ತ ಬ್ಯಾಕ್ಟೀರಿಯಾದ ದಾರಿ. ಅಟ್ರಜಿನ್ ಎಂಬ ಕಳೆನಾಶಕ ಇದೆ. ಅದರಲ್ಲಿರುವ ಒಂದು ಕ್ಲೋರಿನ್ ಕಿತ್ತು ಹಾಕಿದರೆ ಅದರ ಕಳೆ ಕೊಲ್ಲುವ ಗುಣ ಹೋಗುತ್ತದೆ, ಅದಕ್ಕೆ ಒಂದೇ ಕಿಣ್ವ ಸಾಕು. ಅಮೆರಿಕದಲ್ಲಿ ಅಟ್ರಜಿನ್ ಚೆಲ್ಲಿದ ಜಾಗದ ಮಣ್ಣಿಗೆ ಸಂಶೋಧಕರು ಆ ಕಿಣ್ವವನ್ನು ಮೈತುಂಬ ತುಂಬಿಕೊಂಡ ಇ. ಕೋಲಿ ಬ್ಯಾಕ್ಟೀರಿಯಾ ತಯಾರಿಸಿ, ರಾಸಾಯನಿಕದಿಂದ ಕೊಂದು, ಆಮೇಲೆ ಬೆರೆಸಿದರು. 2000ದಲ್ಲಿ ಅದರ ವರದಿ ಬಂತು. ಸತ್ತ ಕೋಶ ಒಂದು ಪುಟ್ಟ ಚೀಲದ ಹಾಗೆ, ಒಳಗಿನ ಕಿಣ್ವ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಮರಿ ಹಾಕುವ ಭಯವಿಲ್ಲ, ಹರಡುವ ಭಯವಿಲ್ಲ. ಆದರೆ ಹತ್ತು ಹೆಜ್ಜೆ ಬೇಕಾದ, ನಡುನಡುವೆ ಶಕ್ತಿ ಬೇಡುವ ಕೆಲಸವನ್ನು ಸತ್ತ ಕೋಶ ಮಾಡಲಾರದು.

ಹರಡುವ ಭಯ ಎಂದೆನಲ್ಲ, ಇನ್ನೊಂದು ಬದಿಯ ಕಷ್ಟ ಅದೇ. ತೊಟ್ಟಿಯಲ್ಲಿ ಗಟ್ಟಿಯಾಗಿ ಬಾಳಬೇಕು, ತೊಟ್ಟಿಯಿಂದ ಹೊರಗೆ ಒಂದು ದಿನವೂ ಬಾಳಬಾರದು. ಎರಡನ್ನೂ ಒಂದೇ ಜೀವಿಯಿಂದ ಕೇಳುತ್ತಿದ್ದೇವೆ. ಚಕ್ರವರ್ತಿಯವರ ಬ್ಯಾಕ್ಟೀರಿಯಾದಂಥವು ತೆರೆದ ನೀರಿಗೆ ಇಳಿಯದೆ ಉಳಿಯಲು ಈ ಎರಡೂ ಅಡ್ಡ ಬಂದವು. ಅಮೆರಿಕದಲ್ಲಿ ವಿಷ ತೊಳೆಯಲೆಂದು ತಿದ್ದಿದ ಬ್ಯಾಕ್ಟೀರಿಯಾಕ್ಕೆ ಹೊರಗಿನ ಮಣ್ಣಿನಲ್ಲಿ ಇಳಿಯಲು ಮೊದಲ ಅನುಮತಿ ಸಿಕ್ಕಿ, ಅದು ಇಳಿದದ್ದೇ 1996ರಲ್ಲಿ, ಟೆನೆಸಿಯ ಓಕ್ ರಿಡ್ಜ್‌ನಲ್ಲಿ. ಅದೂ ನೆಲದಲ್ಲಿ ಹೂತ ದೊಡ್ಡ ಮುಚ್ಚಿದ ಪೀಪಾಯಿಗಳ ಒಳಗೆ. ಆ ಬ್ಯಾಕ್ಟೀರಿಯಾ ನ್ಯಾಫ್ತಲೀನ್ ತಿನ್ನಲು ಶುರುಮಾಡಿದಾಗ ಬೆಳಕು ಚೆಲ್ಲುವಂತೆ ಇನ್ನೊಂದು ಜೀನ್ ಸೇರಿಸಿದ್ದರು. ಹೊಳೆದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ.

ತಪ್ಪಿಸಿಕೊಳ್ಳದ ಹಾಗೆ ಬ್ಯಾಕ್ಟೀರಿಯಾದೊಳಗೇ ಸಾವಿನ ಗುಂಡಿ ಇಡಬಹುದು, ಒಂದು ನಿರ್ದಿಷ್ಟ ವಸ್ತು ಸಿಗುತ್ತಿರುವತನಕ ಬದುಕು, ಸಿಗದಿದ್ದರೆ ಒಳಗಿನ ವಿಷವೇ ಅದನ್ನು ಕೊಲ್ಲುತ್ತದೆ. ಕೇಳಲು ಭದ್ರವಾಗಿದೆ. ಲೆಕ್ಕ ಹಾಕಿ ನೋಡಿ. ಅಮೆರಿಕದ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದು 10 ಕೋಟಿಯಲ್ಲಿ ಒಂದಕ್ಕಿಂತ ಜಾಸ್ತಿ ತಪ್ಪಿಸಿಕೊಳ್ಳಬಾರದು ಎಂದು. ಕೆಸರಿನ ಒಂದು ಮಿಲಿಲೀಟರ್‌ನಲ್ಲಿ ಸುಮಾರು 100 ಕೋಟಿ ಬ್ಯಾಕ್ಟೀರಿಯಾ ಇವೆ ಎಂದುಕೊಳ್ಳಿ. 1,000 ಘನ ಮೀಟರ್‌ನ ತೊಟ್ಟಿ ಎಂದರೆ ಒಂದರ ಮುಂದೆ 18 ಸೊನ್ನೆ. ಅದರಲ್ಲಿ ಸಾವಿರಕ್ಕೆ ಒಂದು ಮಾತ್ರ ನಾವು ತಿದ್ದಿದ್ದು ಎಂದರೂ, 10 ಕೋಟಿಗೆ ಒಂದರಂತೆ ತಪ್ಪಿಸಿಕೊಂಡರೆ ಹೊರಗೆ ಹೋಗುವುದು ಒಂದು ಕೋಟಿ ಕೋಶ. ಸೀಸೆಗೆ ಸಾಲುವ ಬೀಗ ತೊಟ್ಟಿಗೆ ಸಾಲದು.

ಇನ್ನೂ ಗಟ್ಟಿ ಬೀಗ 2015ರಲ್ಲಿ ಬಂತು. ಹಾರ್ವರ್ಡ್‌ನ ಜಾರ್ಜ್ ಚರ್ಚ್ ಮತ್ತು ಯೇಲ್‌ನ ಫ್ಯಾರೆನ್ ಐಸಾಕ್ಸ್ ಅವರ ತಂಡಗಳು ಬೇರೆ ಬೇರೆಯಾಗಿ, ನಿಸರ್ಗದಲ್ಲಿ ಎಲ್ಲೂ ಸಿಗದ ಅಮೈನೋ ಆಮ್ಲ ಇಲ್ಲದೆ ಬದುಕಲಾರದ ಇ. ಕೋಲಿ ತಯಾರಿಸಿದವು. ಅದರ ಮುಖ್ಯವಾದ ಪ್ರೋಟೀನ್‌ಗಳನ್ನೇ ಆ ಕೃತಕ ಇಟ್ಟಿಗೆಯಿಂದ ಕಟ್ಟುವಂತೆ ಮಾಡಿದ್ದರು, ಹಾಗಾಗಿ ಒಂದು ಜೀನ್ ಕೆಟ್ಟ ಮಾತ್ರಕ್ಕೆ ಬಿಡುಗಡೆ ಇಲ್ಲ. ಬೀಗ ಒಳ್ಳೆಯದೇ. ಆದರೆ ದಿನಾ ಲಕ್ಷಾಂತರ ಲೀಟರ್ ನೀರು ಹರಿಯುವ ತೊಟ್ಟಿಗೆ ಆ ಅಮೈನೋ ಆಮ್ಲವನ್ನು ದಿನಾ ಸುರಿಯುತ್ತಿರಬೇಕು. ಇನ್ನೂ ಒಂದು ವಿಷಯ ಇದೆ, ಬ್ಯಾಕ್ಟೀರಿಯಾ ಸತ್ತರೂ ಅದರ ಡಿಎನ್‌ಎ ನೀರಿನಲ್ಲಿ ಉಳಿಯುತ್ತದೆ, ಪಕ್ಕದವು ಅದನ್ನು ಎತ್ತಿಕೊಳ್ಳಬಲ್ಲವು. ಪ್ರಯೋಗಾಲಯದಲ್ಲಿ ಗುರುತಿಗೆಂದು ಸೇರಿಸುವ ಆ್ಯಂಟಿಬಯೋಟಿಕ್ ನಿರೋಧಕ ಜೀನ್‌ಗಳು ತೊಟ್ಟಿಗೆ ಹೋಗುವ ಬ್ಯಾಕ್ಟೀರಿಯಾದಲ್ಲಿ ಒಂದೂ ಇರಬಾರದು ಎನ್ನುವುದು ಇದಕ್ಕೇ.

ಹಾಗಾದರೆ ಇದು ಎಲ್ಲಿ ಮೊದಲು ನಡೆಯುತ್ತದೆ? ಊರಿನ ಕೊಳಚೆ ತೊಟ್ಟಿಯಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಜೀನ್ ತಿದ್ದುವುದಕ್ಕಿಂತ ತೊಟ್ಟಿಯ ಹವಾಮಾನ ತಿದ್ದುವುದು ಎಷ್ಟೋ ಮೇಲು. ಅಮೋನಿಯಾ ತೆಗೆಯುವ ಅನಮಾಕ್ಸ್ ಬ್ಯಾಕ್ಟೀರಿಯಾಗಳನ್ನೇ ನೋಡಿ, ಅವುಗಳ ಜೀನ್ ಯಾರೂ ಮುಟ್ಟಿಲ್ಲ, ಆಮ್ಲಜನಕ ಕಡಿಮೆ ಮಾಡಿ, ಕಾಯಿಸಿ, ಕಾದು ಬೆಳೆಸಿದರು, 2002ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಮೊದಲ ಪೂರ್ಣ ಗಾತ್ರದ ಘಟಕ ಶುರುವಾಯಿತು. ತಿದ್ದಿದ ಬ್ಯಾಕ್ಟೀರಿಯಾಕ್ಕೆ ಸರಿಯಾದ ಜಾಗ ಕಾರ್ಖಾನೆಯ ಒಳಗೆ, ವಿಷ ಹುಟ್ಟುವ ಪೈಪಿನ ಬಾಯಲ್ಲೇ. ಅಲ್ಲಿ ವಿಷ ದಟ್ಟವಾಗಿರುತ್ತದೆ, ಹೊಟ್ಟೆ ತುಂಬುತ್ತದೆ. ಉಪ್ಪು, ಬಿಸಿ ಇರುವುದರಿಂದ ಪೈಪೋಟಿ ಕಡಿಮೆ. ತೊಟ್ಟಿ ಚಿಕ್ಕದು, ಮುಚ್ಚಿಡಬಹುದು. ಹೊರಹೋಗುವ ನೀರನ್ನು ಮೈಕ್ರಾನ್‌ನ ಹತ್ತನೇ ಒಂದು ಭಾಗದಷ್ಟು ಸಣ್ಣ ರಂಧ್ರದ ಪೊರೆಯಿಂದ ಸೋಸಬಹುದು, ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್ ಇರುವುದರಿಂದ ಹಿಂದೆ ಉಳಿಯುತ್ತದೆ. ಮೇಲೆ ಅತಿನೇರಳೆ ಬೆಳಕನ್ನೂ ಹಾಯಿಸಬಹುದು.

ನೀರಿನ ಬಗ್ಗೆ ಇಷ್ಟು ಎಚ್ಚರ ವಹಿಸುವವರು ಎಷ್ಟೋ ಸಲ ಕೆಸರನ್ನು ಮರೆಯುತ್ತಾರೆ. ಬ್ಯಾಕ್ಟೀರಿಯಾ ಬೆಳೆದಂತೆಲ್ಲ ಕೆಸರೂ ಬೆಳೆಯುತ್ತದೆ, ಅದನ್ನು ಆಗಾಗ ತೆಗೆಯಲೇಬೇಕು, ತಿದ್ದಿದ ಕೋಶಗಳಲ್ಲಿ ಹೆಚ್ಚಿನವು ಇರುವುದೂ ಅದರಲ್ಲೇ. ಊರಿನ ಘಟಕದ ಕೆಸರು ಎಷ್ಟೋ ಕಡೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಈ ಕೆಸರು ಹಾಗೆ ಹೋಗುವಂತಿಲ್ಲ. ಒತ್ತಡದ ಹಬೆಯಲ್ಲಿ ಬೇಯಿಸಬೇಕು, ಇಲ್ಲವೇ ಸುಡಬೇಕು, ಮತ್ತು ಅದರ ಖರ್ಚನ್ನು ಮೊದಲ ದಿನದ ಲೆಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.